ಟ್ರಕ್ಕಿನ ಮುಂಭಾಗವನ್ನು ಎತ್ತರಿಸುವುದು: ನಾಲ್ಕು ಸೆಂಟಿಮೀಟರಿನ ಲೆಕ್ಕ

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿಯನ್ನು ಹಂಚಬಲ್ಲ ಟ್ರಕ್ಕುಗಳ ಒಡೆಯರಲ್ಲಿ ಒಂದು ಆಸೆ ಬಹು ಸಾಮಾನ್ಯವಾದುದು. ವಾಹನದ ಮುಂಭಾಗ ನೆಲದಿಂದ ಇನ್ನೂ ಸ್ವಲ್ಪ ಮೇಲಿರಬೇಕು ಎಂಬುದೇ ಆ ಆಸೆ. ಇದರಲ್ಲಿ ಅಂದದ ಮೋಹ ಸ್ವಲ್ಪಮಟ್ಟಿಗೆ ಇದ್ದರೂ ಪ್ರಯೋಜನವೂ ಇಲ್ಲದಿಲ್ಲ. ಮುಂಭಾಗ ಎತ್ತರವಾದಷ್ಟೂ ಕಡಿದಾದ ದಿಣ್ಣೆಯನ್ನು ಏರುವಾಗ ಬಂಪರು ನೆಲಕ್ಕೆ ತಾಗುವುದು ತಪ್ಪುತ್ತದೆ. ಕಲ್ಲುಬಂಡೆಗಳು ಅಡಿಭಾಗವನ್ನು ಉಜ್ಜುವುದು ಕಡಮೆಯಾಗುತ್ತದೆ. ದೊಡ್ಡ ಟೈರುಗಳಿಗೆ ಸ್ಥಳ ದೊರೆಯುತ್ತದೆ.

ಇಲ್ಲಿ ಟ್ರಕ್ಕೆಂದರೆ ನಮ್ಮ ಸರಕು ಲಾರಿಯಲ್ಲ. ಅಮೆರಿಕ ಮೊದಲಾದ ದೇಶಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ, ಮುಂದೆ ಕುಳಿತುಕೊಳ್ಳುವ ಕೋಣೆಯೂ ಹಿಂದೆ ತೆರೆದ ತೊಟ್ಟಿಯೂ ಇರುವ ಪಿಕಪ್ ವಾಹನ. ಅಂತಹ ಅನೇಕ ಟ್ರಕ್ಕುಗಳ ಅಡಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ಬೋಲ್ಟುಗಳಿರುತ್ತವೆ. ಅವನ್ನು ಹತ್ತು ಹನ್ನೆರಡು ಸುತ್ತು ಬಿಗಿ ಮಾಡಿದರೆ ಸಾಕು, ಮುಂಭಾಗ ನಾಲ್ಕು ಸೆಂಟಿಮೀಟರ್ ಮೇಲೇಳುತ್ತದೆ. ಹೊಸ ಭಾಗವೊಂದೂ ಬೇಕಿಲ್ಲ. ಕಾಸಿನ ಖರ್ಚೂ ಇಲ್ಲ. ಹೀಗೆ ಪುಕ್ಕಟೆಯಾಗಿ ದೊರೆತ ಎತ್ತರ ನಿಜವಾಗಿಯೂ ಪುಕ್ಕಟೆಯೆ? ಅದಕ್ಕೆ ಬೆಲೆಯಿದ್ದರೆ ತೆರುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರವನ್ನು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರದಿಂದಲೇ ಪಡೆಯಬಹುದು.

ತಿರುಚಿದ ಸರಳು

ಚಕ್ರಗಳಿಗೂ ವಾಹನದ ಚಾಸಿಗೂ ನಡುವೆ ಇರುವ ಸ್ಪ್ರಿಂಗು, ತೋಳು, ಕೀಲುಗಳ ಸಮುದಾಯಕ್ಕೆ ಸಸ್ಪೆನ್ಷನ್ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿ ಮುಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿಯಾದ ಆಕ್ಸಲು ಜೋಡಿಸುತ್ತಿತ್ತು. ಅದರ ಮೇಲೆ ಉಕ್ಕಿನ ಪಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಸ್ಪ್ರಿಂಗುಗಳು ಚಾಸಿಯನ್ನು ಹೊತ್ತಿದ್ದುವು. ಮುಂದೆ ಈ ಏರ್ಪಾಡು ಅನೇಕ ಟ್ರಕ್ಕುಗಳಲ್ಲಿ ಬದಲಾಯಿತು. ಅಮೆರಿಕದ ಪೇಟೆಯಲ್ಲಿ ಟೊಯೋಟ ಸಂಸ್ಥೆಯ ನಾಲ್ಕು ಚಕ್ರ ಚಾಲನೆಯ ಪಿಕಪ್ 1986ರ ಮಾದರಿಯಿಂದಲೂ, ಷೆವ್ರೊಲೆ ಸಂಸ್ಥೆಯ ದೊಡ್ಡ ಪಿಕಪ್ 1988ರ ಮಾದರಿಯಿಂದಲೂ, ಮುಂದಿನ ಎರಡು ಚಕ್ರಗಳೂ ಒಂದನ್ನೊಂದು ಅವಲಂಬಿಸದೆ ಮೇಲೆ ಕೆಳಗೆ ಚಲಿಸುವಂತಹ ಸಸ್ಪೆನ್ಷನನ್ನು ಪಡೆದುವು. ಇವೆರಡರಲ್ಲಿಯೂ ಸ್ಪ್ರಿಂಗಿನ ಕೆಲಸವನ್ನು ಮಾಡಿದುದು ಒಂದು ನೇರವಾದ ಉಕ್ಕಿನ ಸರಳು. ಇದಕ್ಕೆ ಟಾರ್ಷನ್ ಬಾರ್ ಎನ್ನುತ್ತಾರೆ. ನಾವು ತಿರುಚು ಸರಳು ಎಂದು ಕರೆಯೋಣ. ಇದು ಹೊಸ ಕಲ್ಪನೆಯೇನೂ ಅಲ್ಲ. 1934ರಲ್ಲಿ ಹೊರಬಂದ ಫ್ರಾನ್ಸಿನ ಸಿಟ್ರೊಯೆನ್ ಕಾರಿನಲ್ಲಿಯೇ ಇಂತಹ ಸರಳುಗಳಿದ್ದುವು.

ಒದ್ದೆ ಬಟ್ಟೆಯನ್ನು ಹಿಂಡುವವರನ್ನು ನೆನೆಯಿರಿ. ಬಟ್ಟೆಯ ಒಂದು ತುದಿಯನ್ನು ಒಬ್ಬರು ಭದ್ರವಾಗಿ ಹಿಡಿದಿರುತ್ತಾರೆ. ಇನ್ನೊಬ್ಬರು ಮತ್ತೊಂದು ತುದಿಯನ್ನು ತಿರುಚುತ್ತಾರೆ. ಟ್ರಕ್ಕಿನ ಸರಳಿನ ಹಿಂದಿನ ತುದಿ ಚಾಸಿಗೆ ಸೇರಿದೆ. ಮುಂದಿನ ತುದಿ ಚಕ್ರವನ್ನು ಹಿಡಿದ ಕೆಳತೋಳಿನ ಬುಡಕ್ಕೆ ಸೇರಿದೆ. ಚಕ್ರ ಮೇಲೆದ್ದರೆ ತೋಳು ಮೇಲೇಳುತ್ತದೆ, ಸರಳು ತಿರುಚಿಕೊಳ್ಳುತ್ತದೆ, ತಿರುಚಿಕೊಂಡ ಉಕ್ಕು ತನ್ನ ಮೊದಲಿನ ಸ್ಥಿತಿಗೆ ಮರಳಲು ಹವಣಿಸಿ ಚಕ್ರವನ್ನು ಕೆಳಕ್ಕೆ ಒತ್ತುತ್ತದೆ.

ಸ್ಪ್ರಿಂಗಿನ ವಿಕಾರ ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು. ಸರಳುಗಳ ತಿರುಚನ್ನು ಕುರಿತು 1784ರಲ್ಲಿ ಕೂಲಂಬ್ ತೋರಿಸಿದ ನಿಯಮ ಇನ್ನೂ ಸ್ಪಷ್ಟವಾದುದು. ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೆಯ ಘಾತವನ್ನೂ, ಉದ್ದವನ್ನೂ, ಲೋಹದ ಗುಣವನ್ನೂ ಮಾತ್ರ ಅವಲಂಬಿಸಿದೆ. ಅದನ್ನು ಎಲ್ಲಿ ಹಿಡಿದಿದ್ದೇವೆ, ಎಷ್ಟು ಬಿಗಿಯಾಗಿ ಹಿಡಿದಿದ್ದೇವೆ ಎಂಬುದು ಈ ಸೂತ್ರದಲ್ಲಿ ಎಲ್ಲಿಯೂ ಬರುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಬೋಲ್ಟು ಏನು ಮಾಡುತ್ತದೆ?

ಲೆಕ್ಕಕ್ಕಾಗಿ ಒಂದು ಟ್ರಕ್ಕನ್ನು ಕಲ್ಪಿಸಿಕೊಳ್ಳೋಣ. ಅದರ ತೂಕ 2,000 ಕಿಲೋಗ್ರಾಂ. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಣ ದೂರ 3.1 ಮೀಟರ್. ಮುಂದಿನ ಒಂದೊಂದು ಸರಳೂ 450 ಕಿಲೋಗ್ರಾಂ ಹೊರುತ್ತದೆ. ಕೆಳತೋಳಿನ ಉದ್ದ 35 ಸೆಂಟಿಮೀಟರ್. ಸರಳಿನ ವ್ಯಾಸ 25 ಮಿಲಿಮೀಟರ್, ಉದ್ದ 1.2 ಮೀಟರ್. ಉಕ್ಕಿನ ತಿರುಚು ಗುಣಾಂಕವನ್ನು ಹಾಕಿ ಕೂಲಂಬನ ನಿಯಮದಂತೆ ಎಣಿಸಿದರೆ, ಈ ಸರಳನ್ನು ಒಂದು ಡಿಗ್ರಿ ತಿರುಚಲು ಸುಮಾರು 45 ನ್ಯೂಟನ್-ಮೀಟರ್ ಭ್ರಾಮಕ ಬೇಕು. ಚಕ್ರದ ಭಾರ ತೋಳಿನ ಮೂಲಕ ಸರಳಿನ ಮೇಲೆ ಹೇರುವ ಭ್ರಾಮಕ ಸುಮಾರು 1,540 ನ್ಯೂಟನ್-ಮೀಟರ್. ಆದುದರಿಂದ ಟ್ರಕ್ಕು ಸುಮ್ಮನೆ ನಿಂತಿರುವಾಗಲೂ ಸರಳು ಸುಮಾರು 35 ಡಿಗ್ರಿ ತಿರುಚಿಕೊಂಡಿರುತ್ತದೆ.

ಈಗ ಬೋಲ್ಟಿನ ಮಾತು. ಸರಳಿನ ಹಿಂದಿನ ತುದಿಯನ್ನು ನೇರವಾಗಿ ಚಾಸಿಗೆ ಬೆಸೆದಿಲ್ಲ. ಅದಕ್ಕೆ ಒಂದು ಗಿಡ್ಡ ತೋಳಿದೆ. ಆ ತೋಳು ಬೋಲ್ಟಿನ ತುದಿಯ ಮೇಲೆ ಒರಗಿದೆ. ಬೋಲ್ಟನ್ನು ತಿರುಗಿಸಿದಾಗ ಗಿಡ್ಡ ತೋಳು ಸ್ವಲ್ಪ ಸರಿಯುತ್ತದೆ, ಅದರೊಡನೆ ಸರಳು ಇಡಿಯಾಗಿ ತಿರುಗುತ್ತದೆ, ಮುಂದಿನ ಕೆಳತೋಳು ಚಕ್ರವನ್ನು ಕೆಳಕ್ಕೆ ಒತ್ತುತ್ತದೆ. ಚಕ್ರ ನೆಲದ ಮೇಲಿರುವುದರಿಂದ ಅದು ಕೆಳಗಿಳಿಯಲಾರದು; ಬದಲಾಗಿ ಚಾಸಿ ಮೇಲೇಳುತ್ತದೆ. ಗಿಡ್ಡ ತೋಳಿನ ಉದ್ದ 15 ಸೆಂಟಿಮೀಟರೂ ಬೋಲ್ಟಿನ ಒಂದು ಸುತ್ತಿನ ನಡೆ 1.5 ಮಿಲಿಮೀಟರೂ ಆಗಿದ್ದರೆ, ಒಂದು ಸುತ್ತಿಗೆ ಮುಂಭಾಗ 3.5 ಮಿಲಿಮೀಟರ್ ಏರುತ್ತದೆ. ನಾಲ್ಕು ಸೆಂಟಿಮೀಟರಿಗೆ ಹನ್ನೊಂದು ಸುತ್ತುಗಳಿಗಿಂತ ಸ್ವಲ್ಪ ಹೆಚ್ಚು ಬೇಕು.

ಬೋಲ್ಟನ್ನು ಬಿಗಿ ಮಾಡಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಎಷ್ಟೋ ಮಂದಿ ನಂಬಿದ್ದಾರೆ. ಇದು ತಪ್ಪು. ಸರಳಿನ ವ್ಯಾಸವೂ ಬದಲಾಗಲಿಲ್ಲ, ಉದ್ದವೂ ಬದಲಾಗಲಿಲ್ಲ. ಆದುದರಿಂದ ಬಿಗಿತವೂ ಬದಲಾಗಲಿಲ್ಲ. ಚಕ್ರದ ಮೇಲಿನ ಭಾರ ಮೊದಲಿನಷ್ಟೇ ಇರುವುದರಿಂದ, ನಿಂತ ಸ್ಥಿತಿಯಲ್ಲಿ ತಿರುಚೂ ಮೊದಲಿನ 35 ಡಿಗ್ರಿಯ ಹತ್ತಿರವೇ ಇರುತ್ತದೆ. ಸರಳಿನ ಎರಡು ತುದಿಗಳೂ ಸುಮಾರು ಆರೂವರೆ ಡಿಗ್ರಿಯಷ್ಟು ಒಟ್ಟಿಗೆ ತಿರುಗಿದುವು, ಅಷ್ಟೆ. ಬೋಲ್ಟು ಹೊಸ ಶಕ್ತಿಯನ್ನೇನೂ ತರುವುದಿಲ್ಲ. ಇದ್ದುದನ್ನು ಬೇರೆ ಸ್ಥಾನಕ್ಕೆ ಒಯ್ಯುತ್ತದೆ.

ಹಾಗಾದರೆ ಎತ್ತರಿಸಿದ ಟ್ರಕ್ಕಿನಲ್ಲಿ ಕುಳಿತವರು, ಸವಾರಿ ಒರಟಾಯಿತೆಂದು ದೂರುವುದೇಕೆ? ಇದಕ್ಕೆ ಕಾರಣ ಬೇರೆಯಿದೆ. ಚಕ್ರ ಮೇಲೆ ಕೆಳಗೆ ಚಲಿಸಲು ಮಿತಿಗಳಿವೆ. ಎರಡು ಕಡೆಯೂ ರಬ್ಬರಿನ ತಡೆಗಳಿರುತ್ತವೆ. ನಮ್ಮ ಟ್ರಕ್ಕಿನ ಚಕ್ರ ನಿಂತ ಸ್ಥಾನದಿಂದ 10 ಸೆಂಟಿಮೀಟರ್ ಮೇಲಕ್ಕೂ 10 ಸೆಂಟಿಮೀಟರ್ ಕೆಳಕ್ಕೂ ಹೋಗಬಲ್ಲುದೆಂದು ಇಟ್ಟುಕೊಳ್ಳೋಣ. ನಾಲ್ಕು ಸೆಂಟಿಮೀಟರ್ ಎತ್ತರಿಸಿದ ಮೇಲೆ ಮೇಲಿನ ಅವಕಾಶ 14 ಆಗುತ್ತದೆ, ಕೆಳಗಿನದು 6ಕ್ಕೆ ಇಳಿಯುತ್ತದೆ. ತಡೆಗಳು ಇದ್ದಲ್ಲಿಯೇ ಇವೆ. ನಾವು ನಿಂತಿರುವ ಸ್ಥಳ ಮಾತ್ರ ಬದಲಾಯಿತು. ಚಕ್ರವು ಎಂಟು ಸೆಂಟಿಮೀಟರ್ ಆಳದ ಗುಂಡಿಯೊಂದನ್ನು ದಾಟುವಾಗ ಮೊದಲು ಗುಂಡಿಯ ತಳವನ್ನು ಮುಟ್ಟುತ್ತಿತ್ತು. ಈಗ ಅದು ಆರು ಸೆಂಟಿಮೀಟರ್ ಇಳಿಯುತ್ತಲೇ ತೋಳು ಕೆಳಗಿನ ತಡೆಗೆ ಬಡಿಯುತ್ತದೆ. ಚಕ್ರ ಕ್ಷಣಕಾಲ ಗಾಳಿಯಲ್ಲಿ ತೂಗುತ್ತದೆ. ಸವಾರಿಯಲ್ಲಿ ಕೇಳುವ ಧಡಕ್ ಎಂಬ ಸದ್ದು ಇದೇ. ನೆಲವನ್ನು ಬಿಟ್ಟ ಚಕ್ರ ವಾಹನವನ್ನು ತಿರುಗಿಸಲಾರದು, ನಿಲ್ಲಿಸಲೂ ಆರದು. ಒರಟು ನೆಲದಲ್ಲಿ ಹೆಚ್ಚು ಸಾಮರ್ಥ್ಯ ಬೇಕೆಂದು ಎತ್ತರಿಸಿದ ಟ್ರಕ್ಕು, ಒರಟು ನೆಲದಲ್ಲಿಯೇ ನೆಲದ ಹಿಡಿತವನ್ನು ಕಳೆದುಕೊಂಡಂತಾಯಿತು.

ಕೀಲುಗಳು ಮತ್ತು ಕೋನಗಳು

ಎರಡನೆಯ ಖರ್ಚು ಬೀಳುವುದು ಕೀಲುಗಳ ಲೆಕ್ಕಕ್ಕೆ. ನಾಲ್ಕು ಚಕ್ರ ಚಾಲನೆಯಲ್ಲಿ ಮುಂದಿನ ಚಕ್ರಗಳಿಗೂ ಶಕ್ತಿ ತಲುಪಬೇಕು. ಚಾಸಿಗೆ ಬಿಗಿದ ಡಿಫರೆನ್ಷಿಯಲ್ಲಿನಿಂದ ಒಂದೊಂದು ಚಕ್ರಕ್ಕೂ ಒಂದು ಗಿಡ್ಡ ದಂಡ ಹೋಗುತ್ತದೆ. ಚಕ್ರ ಮೇಲೆ ಕೆಳಗೆ ಆಡುವುದರಿಂದಲೂ ಸ್ಟಿಯರಿಂಗಿಗೆ ಅನುಗುಣವಾಗಿ ತಿರುಗುವುದರಿಂದಲೂ ಈ ದಂಡಕ್ಕೆ ಎರಡು ತುದಿಗಳಲ್ಲಿಯೂ ಕೀಲುಗಳು ಬೇಕು.

ಅಡ್ಡಕಡ್ಡಿಯ ಸಾಧಾರಣ ಕೀಲಿಗೂ ಹುಕ್‌ನ ಹೆಸರೇ ಇದೆ. ಅದರಲ್ಲಿ ಒಂದು ದೋಷವುಂಟು. ಎರಡು ದಂಡಗಳ ನಡುವೆ 20 ಡಿಗ್ರಿ ಕೋನವಿದ್ದು ಮೊದಲನೆಯದು ಏಕವೇಗದಿಂದ ಸುತ್ತಿದರೆ, ಎರಡನೆಯದರ ವೇಗ ಒಂದೊಂದು ಸುತ್ತಿನಲ್ಲಿಯೂ ಎರಡು ಬಾರಿ ಶೇಕಡ 6ರಷ್ಟು ಏರಿ ಎರಡು ಬಾರಿ ಅಷ್ಟೇ ಇಳಿಯುತ್ತದೆ. ಸ್ಟಿಯರಿಂಗು ಚಕ್ರ ಕೈಯಲ್ಲಿ ನಡುಗಲು ಇಷ್ಟು ಸಾಕು. ಆದುದರಿಂದ ಮುಂದಿನ ಚಕ್ರಗಳಿಗೆ, ಉಕ್ಕಿನ ಗುಂಡುಗಳು ಬಾಗಿದ ಹಳ್ಳಗಳಲ್ಲಿ ಉರುಳುವಂತಹ ಸಮವೇಗದ ಕೀಲನ್ನು ಬಳಸುತ್ತಾರೆ. ಇದರಲ್ಲಿ ವೇಗದ ಏರಿಳಿತವಿಲ್ಲ. ಆದರೆ ಕೋನ ಹೆಚ್ಚಿದಷ್ಟೂ ಗುಂಡುಗಳು ಹಳ್ಳದಲ್ಲಿ ಹೆಚ್ಚು ದೂರ ಉಜ್ಜಬೇಕಾಗುತ್ತದೆ, ಶಾಖ ಹುಟ್ಟುತ್ತದೆ, ಗ್ರೀಸನ್ನು ಹಿಡಿದಿಡುವ ರಬ್ಬರಿನ ಚೀಲದ ಮಡಿಕೆಗಳು ಒಂದಕ್ಕೊಂದು ತಿಕ್ಕುತ್ತವೆ. ದಂಡದ ಉದ್ದ 40 ಸೆಂಟಿಮೀಟರ್ ಆಗಿದ್ದರೆ, ನಾಲ್ಕು ಸೆಂಟಿಮೀಟರ್ ಎತ್ತರಿಕೆ ಕೀಲಿನ ಕೋನವನ್ನು ಸುಮಾರು 6 ಡಿಗ್ರಿ ಹೆಚ್ಚಿಸುತ್ತದೆ. ಕೆಳಗಿನ ತಡೆ ಇದ್ದಲ್ಲಿಯೇ ಇರುವುದರಿಂದ ಕೀಲು ತನ್ನ ಪರಮ ಮಿತಿಯನ್ನು ಮೀರುವುದಿಲ್ಲ ಎಂಬುದು ನಿಜ. ಆದರೆ ಎಂದೋ ಒಮ್ಮೆ ಗುಂಡಿಯಲ್ಲಿ ಮಾತ್ರ ಕಾಣುತ್ತಿದ್ದ ಕೋನದಲ್ಲಿ ಈಗ ಅದು ದಿನವೆಲ್ಲ ದುಡಿಯಬೇಕು. ಚೀಲ ಹರಿದರೆ ಗ್ರೀಸು ಹೊರಬಿದ್ದು ಮರಳು ಒಳಸೇರುತ್ತದೆ. ಆ ಮೇಲೆ ಕೀಲು ಹೆಚ್ಚು ಕಾಲ ಬಾಳುವುದಿಲ್ಲ.

ಸ್ಟಿಯರಿಂಗಿನ ದಂಡಗಳಿಗೂ ಇದೇ ಗತಿ. ಚಕ್ರದ ತೋಳು ಮತ್ತು ಸ್ಟಿಯರಿಂಗಿನ ದಂಡ ಇವೆರಡೂ ಚಕ್ರ ಆಡುವಾಗ ಹೆಚ್ಚು ಕಡಮೆ ಒಂದೇ ಕಂಸವನ್ನು ಬರೆಯುವಂತೆ ತಯಾರಕರು ಅಳವಡಿಸಿರುತ್ತಾರೆ. ನಡುವಣ ಸ್ಥಾನದಲ್ಲಿ ಈ ಕಂಸಗಳು ಚೆನ್ನಾಗಿ ಹೊಂದುತ್ತವೆ, ಕೊನೆಗಳಲ್ಲಿ ಬೇರ್ಪಡುತ್ತವೆ. ಎತ್ತರಿಸಿದ ಟ್ರಕ್ಕು ಕೊನೆಯ ಬಳಿಯೇ ಕೆಲಸ ಮಾಡುವುದರಿಂದ, ಉಬ್ಬು ತಗ್ಗುಗಳಲ್ಲಿ ಚಾಲಕ ಕೈ ಆಡಿಸದಿದ್ದರೂ ಚಕ್ರಗಳು ತಾವಾಗಿ ಸ್ವಲ್ಪ ಎಡಬಲಗಳಿಗೆ ತಿರುಗುತ್ತವೆ. ನೇರ ರಸ್ತೆಯಲ್ಲಿಯೂ ಎರಡು ಚಕ್ರಗಳು ಒಂದಕ್ಕೊಂದು ಸಮಾಂತರವಾಗಿ ಉಳಿಯುವುದಿಲ್ಲ. ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಎತ್ತರಿಸಿದ ಮೇಲೆ ಚಕ್ರಗಳ ಕೋನಗಳನ್ನು ಯಂತ್ರದಿಂದ ಅಳೆಸಿ ಸರಿಪಡಿಸಲೇಬೇಕು ಎನ್ನುವುದು ಇದಕ್ಕಾಗಿಯೇ.

ಎದುರಿನಿಂದ ಬರುವವನ ಕಣ್ಣು

ಮೂರನೆಯ ಬೆಲೆಯನ್ನು ತೆರುವವನು ಟ್ರಕ್ಕಿನ ಒಡೆಯನಲ್ಲ. ಮುಂಭಾಗ ಮಾತ್ರ ನಾಲ್ಕು ಸೆಂಟಿಮೀಟರ್ ಏರಿದರೆ, 310 ಸೆಂಟಿಮೀಟರ್ ಉದ್ದದ ಮೇಲೆ ಇದು ಮುಕ್ಕಾಲು ಡಿಗ್ರಿಗಿಂತಲೂ ಕಡಮೆಯಾದ ಓರೆ. ಕಣ್ಣಿಗೆ ಕಾಣುವುದೇ ಕಷ್ಟ. ಆದರೆ ಚಾಸಿಯೊಡನೆ ದೀಪಗಳೂ ಓರೆಯಾಗುತ್ತವೆ. ಐವತ್ತು ಮೀಟರ್ ದೂರದಲ್ಲಿ ಆ ಬೆಳಕು 50ನ್ನು 4ರಿಂದ ಗುಣಿಸಿ 310ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 65 ಸೆಂಟಿಮೀಟರ್, ಮೇಲೇರುತ್ತದೆ.

ತಗ್ಗಿಸಿದ ಬೆಳಕಿನ ಮೇಲಂಚು ಸಾಮಾನ್ಯವಾಗಿ ನೂರು ಅಳತೆಗೆ ಒಂದರಂತೆ ಕೆಳಮುಖವಾಗಿರುತ್ತದೆ. ಐವತ್ತು ಮೀಟರ್ ದೂರದಲ್ಲಿ ಅದು ದೀಪದ ಎತ್ತರಕ್ಕಿಂತ 50 ಸೆಂಟಿಮೀಟರ್ ಕೆಳಗಿರಬೇಕಾದುದು. ಈಗ ಅದು 15 ಸೆಂಟಿಮೀಟರ್ ಮೇಲಿದೆ. ದೀಪಗಳು ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದುವಾದರೆ, ಅವು ಏರಿದ ನಾಲ್ಕೈದು ಸೆಂಟಿಮೀಟರನ್ನೂ ಸೇರಿಸಿ, ಬೆಳಕಿನ ಮೇಲಂಚು 110 ಸೆಂಟಿಮೀಟರಿಗೆ ಬರುತ್ತದೆ. ಎದುರಿನ ಕಾರಿನ ಚಾಲಕನ ಕಣ್ಣು ಸುಮಾರಾಗಿ ಇದೇ ಎತ್ತರದಲ್ಲಿರುತ್ತದೆ. ತಾನು ದೀಪವನ್ನು ತಗ್ಗಿಸಿಯೇ ಇದ್ದೇನೆಂದು ಟ್ರಕ್ಕಿನವನು ಪ್ರಾಮಾಣಿಕವಾಗಿ ನಂಬಿರುವಾಗಲೇ ಎದುರಿನವನು ಕುರುಡಾಗುತ್ತಾನೆ. ಹಿಂದಿನ ತೊಟ್ಟಿಗೆ ಸರಕು ಹೇರಿದರೆ ಹಿಂಭಾಗ ಕುಗ್ಗಿ ಓರೆ ಇನ್ನೂ ಹೆಚ್ಚುತ್ತದೆ. ಅನೇಕ ಟ್ರಕ್ಕುಗಳನ್ನು ಹಿಂಭಾಗ ಸ್ವಲ್ಪ ಎತ್ತರವಾಗಿರುವಂತೆಯೇ ತಯಾರಿಸಿರುವುದು ಈ ಸರಕನ್ನು ಮುಂದಾಗಿ ಲೆಕ್ಕಕ್ಕೆ ಹಿಡಿದು.

ಗುರುತ್ವಕೇಂದ್ರದ ಪ್ರಶ್ನೆ

ಎತ್ತರಿಸಿದ ವಾಹನ ಉರುಳುತ್ತದೆ ಎಂಬ ಭಯ ಎಲ್ಲರಿಗೂ ತಿಳಿದದ್ದೇ. ಅದನ್ನು ಅಳೆದು ನೋಡೋಣ. ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಸ್ಥಿರತೆಯ ಅಂಕ ಎನ್ನೋಣ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರ ಮಾದರಿಗಳಿಂದ ವಾಹನಗಳ ಉರುಳುವ ಅಪಾಯವನ್ನು ಪ್ರಕಟಿಸತೊಡಗಿದಾಗ ಬಳಸಿದುದು ಇದೇ ಅಂಕವನ್ನು. ನಮ್ಮ ಟ್ರಕ್ಕಿನ ಚಕ್ರಾಂತರ 1.56 ಮೀಟರ್, ಗುರುತ್ವಕೇಂದ್ರ 68 ಸೆಂಟಿಮೀಟರ್ ಎತ್ತರದಲ್ಲಿದೆ, ಅಂಕ 1.15. ಮೂವತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಇದು ಗಂಟೆಗೆ 66 ಕಿಲೋಮೀಟರಿನಲ್ಲಿ ಉರುಳುವ ಹಂತವನ್ನು ಮುಟ್ಟುತ್ತದೆ.

ಮುಂಭಾಗ ಮಾತ್ರ ನಾಲ್ಕು ಸೆಂಟಿಮೀಟರ್ ಏರಿದರೆ ಗುರುತ್ವಕೇಂದ್ರ ಏರುವುದು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಉರುಳುವ ವೇಗ 65ಕ್ಕೆ ಇಳಿಯುತ್ತದೆ. ಎಂದರೆ ಎಲ್ಲರೂ ಹೆದರುವ ಖರ್ಚು ಇಲ್ಲಿ ಬಹಳ ಚಿಕ್ಕದು; ಯಾರೂ ಗಮನಿಸದ ಇಳಿಚಲನೆ, ಕೀಲು, ದೀಪಗಳ ಖರ್ಚುಗಳೇ ದೊಡ್ಡವು.

ಆದರೆ ಇಡೀ ಟ್ರಕ್ಕನ್ನು ಹತ್ತು ಸೆಂಟಿಮೀಟರ್ ಎತ್ತರಿಸಿದಾಗ ಚಿತ್ರ ಬದಲಾಗುತ್ತದೆ. ಗುರುತ್ವಕೇಂದ್ರ 78 ಸೆಂಟಿಮೀಟರಿಗೆ ಏರಿ ಅಂಕ 1.00 ಆಗುತ್ತದೆ. ತೊಟ್ಟಿಯಲ್ಲಿ 500 ಕಿಲೋಗ್ರಾಂ ಸರಕು 1.3 ಮೀಟರ್ ಎತ್ತರದಲ್ಲಿ ಕುಳಿತರೆ ಅಂಕ 0.88ಕ್ಕೆ ಬೀಳುತ್ತದೆ. ಈ ಸಂಖ್ಯೆಯ ಅರ್ಥವನ್ನು ಗಮನಿಸಬೇಕು. ಒಣ ರಸ್ತೆಯ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ 0.8, 0.9ರ ಸುತ್ತಮುತ್ತ ಇರುತ್ತದೆ. ಸ್ಥಿರತೆಯ ಅಂಕ ಇದಕ್ಕಿಂತ ಸಾಕಷ್ಟು ಹೆಚ್ಚಾಗಿರುವವರೆಗೆ, ತಿರುವಿನಲ್ಲಿ ವೇಗ ಮಿತಿಮೀರಿದ ವಾಹನ ಉರುಳುವ ಮೊದಲು ಜಾರುತ್ತದೆ. ಜಾರುವಿಕೆ ಚಾಲಕನಿಗೆ ಎಚ್ಚರಿಕೆ. ಎರಡು ಅಂಕಗಳೂ ಸಮೀಪಿಸಿದಾಗ ಆ ಎಚ್ಚರಿಕೆ ಇಲ್ಲವಾಗುತ್ತದೆ. ಟೈರುಗಳು ಮತ್ತು ಸ್ಪ್ರಿಂಗುಗಳು ಒಂದು ಮಗ್ಗುಲಿಗೆ ಕುಗ್ಗುವುದರಿಂದ ನಿಜವಾದ ಮಿತಿ ನಮ್ಮ ಲೆಕ್ಕಕ್ಕಿಂತಲೂ ಕೆಳಗಿರುತ್ತದೆ. ಕೀಲುಗಳ ಕೋನವನ್ನು ಸರಿಪಡಿಸಲು ಡಿಫರೆನ್ಷಿಯಲ್ಲನ್ನೂ ತೋಳುಗಳ ಆಧಾರವನ್ನೂ ಕೆಳಗಿಳಿಸುವ ಜೋಡಣೆಗಳು ಪೇಟೆಯಲ್ಲಿವೆ. ಅವು ಕೋನಗಳನ್ನು ಸರಿಪಡಿಸಬಲ್ಲುವು, ಗುರುತ್ವಕೇಂದ್ರವನ್ನು ಕೆಳಗಿಳಿಸಲಾರವು.

ದೊಡ್ಡ ಟೈರಿನ ವಿಷಯದಲ್ಲಿಯೂ ಒಂದು ಮಾತು. ವ್ಯಾಸ 76ರಿಂದ 81 ಸೆಂಟಿಮೀಟರಿಗೆ ಹೆಚ್ಚಿದರೆ ಎತ್ತರ ಏರುವುದು ವ್ಯಾಸದ ಅರ್ಧದಷ್ಟು, ಎರಡೂವರೆ ಸೆಂಟಿಮೀಟರ್. ವೇಗಮಾಪಕ 60 ಎಂದು ತೋರಿಸುವಾಗ ನಿಜವಾದ ವೇಗ 64 ಆಗಿರುತ್ತದೆ.

ವಾಹನದ ಅಡಿಯಲ್ಲಿ

ಇದುವರೆಗೆ ಹೇಳಿದುದು ರಸ್ತೆಯ ಮೇಲಿನ ಅಪಾಯ. ಅದಕ್ಕಿಂತ ಮೊದಲೇ ಬರುವುದು ಕೆಲಸದ ಅಪಾಯ. ಬೋಲ್ಟನ್ನು ತಿರುಗಿಸಲು ವಾಹನದ ಅಡಿಗೆ ಹೋಗಬೇಕು. ಮುಂಭಾಗದ 1,100 ಕಿಲೋಗ್ರಾಂ ತೂಕ 30 ಸೆಂಟಿಮೀಟರ್ ಕುಸಿದರೆ ಬಿಡುಗಡೆಯಾಗುವ ಶಕ್ತಿ 3,200 ಜೌಲಿಗೂ ಹೆಚ್ಚು. ಮನುಷ್ಯನ ಎದೆ ಇದನ್ನು ತಡೆಯಲಾರದು. ದ್ರವದ ಒತ್ತಡದಿಂದ ನಡೆಯುವ ಜ್ಯಾಕು ಪಾಸ್ಕಲನ ನಿಯಮದಂತೆ ಭಾರವನ್ನು ಎತ್ತುತ್ತದೆ. ಆದರೆ ಅದನ್ನು ಹಿಡಿದಿಟ್ಟಿರುವುದು ಒಂದು ರಬ್ಬರಿನ ಉಂಗುರ ಮತ್ತು ಒಂದು ಚಿಕ್ಕ ಕವಾಟ. ಜ್ಯಾಕು ಎತ್ತುವ ಸಾಧನವೇ ಹೊರತು ಹೊತ್ತು ನಿಲ್ಲುವ ಆಧಾರವಲ್ಲ. ಎತ್ತಿದ ಮೇಲೆ ಚಾಸಿಯ ಗಟ್ಟಿಯಾದ ಭಾಗದ ಅಡಿಯಲ್ಲಿ, ಆ ಭಾರಕ್ಕೆ ತಕ್ಕ ಎರಡು ಉಕ್ಕಿನ ಸ್ಟ್ಯಾಂಡುಗಳನ್ನಿಟ್ಟು ತೂಕವನ್ನು ಅವುಗಳ ಮೇಲೆ ಇಳಿಸಬೇಕು. ಇಟ್ಟಿಗೆಯನ್ನಾಗಲಿ ಟೊಳ್ಳು ಸಿಮೆಂಟು ಕಲ್ಲನ್ನಾಗಲಿ ಒಡ್ಡಕೂಡದು. ಅವು ಮುನ್ಸೂಚನೆಯಿಲ್ಲದೆ ಸಿಡಿಯುತ್ತವೆ.

ನೆಲ ಗಟ್ಟಿಯಾಗಿಯೂ ಸಮವಾಗಿಯೂ ಇರಬೇಕು. ಕಣ್ಣಿಗೆ ಕಾಣದ 3 ಡಿಗ್ರಿ ಇಳಿಜಾರು ಸಹ 2,000 ಕಿಲೋಗ್ರಾಂ ಟ್ರಕ್ಕನ್ನು ಸುಮಾರು 105 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುತ್ತದೆ. ಹಿಂದಿನ ಚಕ್ರಗಳ ಎರಡು ಮಗ್ಗುಲಿಗೂ ಅಡೆಗಳನ್ನು ಕೊಡಬೇಕು; ಕೈಬ್ರೇಕು ಹಾಕಿರಬೇಕು. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯ ಸನ್ನೆ ತಟಸ್ಥ ಸ್ಥಾನದಲ್ಲಿದ್ದರೆ, ಗೇರು ಹಾಕಿದ್ದರೂ ಚಕ್ರಗಳು ಸ್ವತಂತ್ರವಾಗಿರುತ್ತವೆ. ಗೇರನ್ನು ನಂಬಿ ವಾಹನ ನಿಂತಿದೆಯೆಂದು ತಿಳಿಯುವುದು ಭ್ರಮೆ.

ಇನ್ನು ಸರಳಿನಲ್ಲಿ ಅಡಗಿರುವ ಶಕ್ತಿ. ಚಕ್ರಗಳು ನೆಲದ ಮೇಲಿರುವಾಗ ನಮ್ಮ ಒಂದು ಸರಳಿನಲ್ಲಿ ಸುಮಾರು 465 ಜೌಲ್ ಶಕ್ತಿ ಕೂಡಿರುತ್ತದೆ. 10 ಕಿಲೋಗ್ರಾಂ ಕಲ್ಲು 4.7 ಮೀಟರ್ ಎತ್ತರದಿಂದ ಬಿದ್ದಷ್ಟು. ಗಿಡ್ಡ ತೋಳು ಬೋಲ್ಟನ್ನು ಒತ್ತುವ ಬಲ ಒಂದು ಟನ್ ಭಾರಕ್ಕೂ ಮಿಗಿಲು. ಈ ಸ್ಥಿತಿಯಲ್ಲಿ ಬೋಲ್ಟನ್ನು ತಿರುಗಿಸಿದರೆ ಅದರ ಎಳೆಗಳು ಕಿತ್ತುಹೋಗಬಹುದು. ಮುಂಭಾಗವನ್ನು ಎತ್ತಿ ಚಕ್ರಗಳನ್ನು ಜೋಲುಬಿಟ್ಟಾಗ ಸರಳಿನ ತಿರುಚು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶಕ್ತಿ ತಿರುಚಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಕಾಲುಭಾಗದಷ್ಟಾಗಿ, ಸುಮಾರು 130 ಜೌಲಿಗೆ ಬರುತ್ತದೆ. ಬೋಲ್ಟನ್ನು ತಿರುಗಿಸಲು ಇದೇ ತಕ್ಕ ಸ್ಥಿತಿ.

ಇಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕು ಸೆಂಟಿಮೀಟರ್ ಎತ್ತರಿಸಿದ ಟ್ರಕ್ಕನ್ನು ಮತ್ತೊಮ್ಮೆ ಜ್ಯಾಕಿನ ಮೇಲೆ ಎತ್ತಿದಾಗ, ತೋಳು ಮೊದಲಿನ ತಡೆಯ ಬಳಿಯೇ ನಿಲ್ಲುತ್ತದೆ. ಆದರೆ ಸರಳಿನ ಹಿಂದಿನ ತುದಿ ಆರೂವರೆ ಡಿಗ್ರಿ ಮುಂದೆ ಹೋಗಿದೆ. ಆದುದರಿಂದ ಉಳಿದಿರುವ ಶಕ್ತಿ 130 ಅಲ್ಲ, ಸುಮಾರು 240 ಜೌಲ್. ಹಿಂದಿನ ಅನುಭವವನ್ನು ನಂಬಿ ಬಂದ ಮೆಕ್ಯಾನಿಕನಿಗೆ ಇಮ್ಮಡಿಗೆ ಸಮೀಪವಾದ ಶಕ್ತಿ ಎದುರಾಗುತ್ತದೆ. ಸರಳನ್ನೇ ಹೊರತೆಗೆಯಬೇಕಾದಾಗ, ಭಾರವನ್ನು ಹಿಡಿದು ನಿಧಾನವಾಗಿ ಸಡಿಲಿಸುವ ವಿಶೇಷ ಸಾಧನವಿಲ್ಲದೆ ಬೋಲ್ಟನ್ನು ಪೂರ್ತಿ ಬಿಚ್ಚಬಾರದು ಎನ್ನುವುದು ಈ ಕಾರಣದಿಂದಲೇ. ಸುರುಳಿ ಸ್ಪ್ರಿಂಗುಗಳಿರುವ ಟ್ರಕ್ಕುಗಳಿಗೂ ಇದು ಅನ್ವಯಿಸುತ್ತದೆ. ಅದುಮಿದ ಸುರುಳಿ ಕೈತಪ್ಪಿದರೆ ಅದರ ಏಟು ಪ್ರಾಣಾಂತಿಕವಾಗಬಹುದು.

ಅಳತೆಯ ಕ್ರಮ

ಎತ್ತರಿಸುವುದೇ ಸರಿಯಾದ ಸಂದರ್ಭಗಳೂ ಇವೆ. ವರ್ಷಗಟ್ಟಲೆ ದುಡಿದ ಸರಳು ಸ್ವಲ್ಪ ಸೋತು ಮುಂಭಾಗ ತಗ್ಗಿರುತ್ತದೆ. ಬೋಲ್ಟನ್ನು ಇಟ್ಟಿರುವುದು ಮುಖ್ಯವಾಗಿ ಈ ತಗ್ಗನ್ನು ಸರಿಪಡಿಸಲು. ತಯಾರಕರ ಕೈಪಿಡಿಯಲ್ಲಿ ಮುಂಭಾಗದ ಎತ್ತರಕ್ಕೆ ಕೊಟ್ಟಿರುವ ಮಿತಿಯೊಳಗೆ ನಿಲ್ಲುವುದೇ ಕ್ಷೇಮ.

ಮೊದಲು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡು ಕಡೆಯೂ ಅಳೆದು ಬರೆದುಕೊಳ್ಳಬೇಕು. ಬೋಲ್ಟಿನ ಸುತ್ತುಗಳನ್ನು ಎಣಿಸುತ್ತ ಎರಡು ಕಡೆಯನ್ನೂ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಒಂದು ಕಡೆ ಹೆಚ್ಚಾದರೆ, ಮೇಜಿನ ಒಂದು ಕಾಲಿಗೆ ಚಕ್ಕೆ ಕೊಟ್ಟಾಗ ಆಗುವಂತೆ, ಭಾರವೆಲ್ಲ ಆ ಕಾಲಿಗೂ ಅದರ ಕರ್ಣದಲ್ಲಿರುವ ಕಾಲಿಗೂ ಹೋಗುತ್ತದೆ. ಬ್ರೇಕು ಹಾಕಿದಾಗ ವಾಹನ ಒಂದು ಪಕ್ಕಕ್ಕೆ ಎಳೆಯುತ್ತದೆ. ಕೆಳಗಿಳಿಸಿದ ಕೂಡಲೇ ಅಳೆಯುವುದೂ ತಪ್ಪು. ಟೈರುಗಳು ನೆಲವನ್ನು ಕಚ್ಚಿಕೊಂಡು ತೋಳುಗಳನ್ನು ಅಗಲಿಸಲು ಬಿಡುವುದಿಲ್ಲ. ವಾಹನವನ್ನು ಕೆಲವು ಮೀಟರ್ ಹಿಂದಕ್ಕೂ ಮುಂದಕ್ಕೂ ಓಡಿಸಿದ ಮೇಲೆ ಬರುವ ಅಳತೆಯೇ ನಿಜವಾದುದು. ಅನಂತರ ಬ್ರೇಕಿನ ಕೊಳವೆಗಳು ಎಳೆದುಕೊಂಡಿಲ್ಲವೆಂದೂ, ಕೀಲಿನ ಚೀಲಗಳು ನೆಟ್ಟಗಿವೆಯೆಂದೂ ನೋಡಿ, ಚಕ್ರಗಳ ಕೋನಗಳನ್ನು ಸರಿಪಡಿಸಬೇಕು. ಮಾರ್ಗವನ್ನು ಗಮನಿಸುವ ಕ್ಯಾಮೆರಾ ಮತ್ತು ರೇಡಾರುಗಳಿರುವ ಹೊಸ ವಾಹನಗಳಲ್ಲಿ ಅವುಗಳ ದಿಕ್ಕನ್ನೂ ಮತ್ತೆ ಹೊಂದಿಸಬೇಕು.

ನಮ್ಮ ದೇಶದವರು ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮುನ್ನ ಸಾರಿಗೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೊನೆಯದಾಗಿ, ವಾಹನದ ಅಡಿಗೆ ಹೋಗದೆಯೇ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಪರೀಕ್ಷೆಯನ್ನು ಹೇಳಿ ಮುಗಿಸುತ್ತೇನೆ. ಮನೆಯಲ್ಲಿ ಅಥವಾ ನೆರೆಯಲ್ಲಿ ಇಂತಹ ವಾಹನವಿದ್ದರೆ, ಹಿರಿಯರ ನೆರವಿನಿಂದ ಅದನ್ನು ಸಂಜೆ ಸಮನೆಲದಲ್ಲಿ, ಗೋಡೆಯಿಂದ 5 ಮೀಟರ್ ದೂರದಲ್ಲಿ ನಿಲ್ಲಿಸಿರಿ. ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಬೆಳಕನ್ನು ತಗ್ಗಿಸಿ ನೋಡಿರಿ. ಬೆಳಕಿನ ಮೇಲಂಚು ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಅದು ಗುರುತನ್ನು ದಾಟಿ ಮೇಲಿದ್ದರೆ, ಆ ವಾಹನವನ್ನು ರಾತ್ರಿ ರಸ್ತೆಗೆ ತೆಗೆಯುವ ಮೊದಲು ದೀಪಗಳನ್ನು ಸರಿಪಡಿಸಲು ಅದರ ಒಡೆಯರಿಗೆ ತಿಳಿಸಿರಿ.